ಬ್ರೇಕ್ ಹಾಕಿದಾಗ ಕಾರು ನಡುಗಿದರೆ ಅದರ ತಾಳ ಕೇಳಿ

ಪ್ರಶ್ನೆ: ನನ್ನದು 2017ರ ಚಿಕ್ಕ ಪೆಟ್ರೋಲ್ ಕಾರು, ಗೇರ್ ಗಾಡಿ. 62,000 ಕಿ.ಮೀ. ಓಡಿದೆ. ಮನೆ ರಾಜಾಜಿನಗರದಲ್ಲಿ. ವಾರಕ್ಕೆ ಮೂರು ದಿನ ವೈಟ್‌ಫೀಲ್ಡ್‌ಗೆ ಹೋಗಿ ಬರುತ್ತೇನೆ. ಆರು ತಿಂಗಳಿಂದ ಸಿಗ್ನಲ್ ಹತ್ತಿರ ಬ್ರೇಕ್ ಹಾಕಿದರೆ ಸ್ಟೇರಿಂಗ್ ನಡುಗುತ್ತದೆ, ನಿಲ್ಲುವ ಹೊತ್ತಿಗೆ ಇಡೀ ಕಾರು ಧಡಧಡ ಅನ್ನುತ್ತದೆ. ಬೆಳಗ್ಗೆ ಕಡಿಮೆ, ಸಂಜೆ ಜಾಸ್ತಿ. ನಿಂತ ಮೇಲೂ ಎ.ಸಿ. ಹಾಕಿದ್ದರೆ ಸೀಟು ಸಣ್ಣಗೆ ಅದುರುತ್ತದೆ. ಒಂದು ಗ್ಯಾರೇಜಿನವರು ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸಿದರು. ಒಂದು ತಿಂಗಳು ಸರಿಯಿತ್ತು, ಮತ್ತೆ ಶುರುವಾಯಿತು. ಇನ್ನೊಂದು ಕಡೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದೆ. ಈಗ ಮೂರನೆಯವರು ಇಂಜಿನ್ ಮೌಂಟಿಂಗ್ ಮೂರೂ ಹೋಗಿವೆ ಅನ್ನುತ್ತಿದ್ದಾರೆ. ಕಳೆದ ವರ್ಷ ಮುಂದಿನ ಎರಡು ಟೈರ್ ಹೊಸದು ಹಾಕಿಸಿದ್ದು ಬಿಟ್ಟರೆ ಬೇರೇನೂ ಮಾಡಿಸಿರಲಿಲ್ಲ. ಮೌಂಟಿಂಗ್ ಹಾಕಿಸಿಬಿಡಲೇ?

ಉತ್ತರ: ಸದ್ಯಕ್ಕೆ ಬೇಡ. ಮೂರನೆಯವರು ಹೇಳಿದ್ದು ಪೂರ್ತಿ ಸುಳ್ಳು ಅಂತಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಒಂದಲ್ಲ, ಎರಡು ನಡುಕ ಇದೆ ಅನ್ನಿಸುತ್ತದೆ. ಬ್ರೇಕ್ ಹಾಕಿದಾಗ ಬರುವುದು ಒಂದು. ನಿಂತ ಮೇಲೆ ಎ.ಸಿ. ಜೊತೆ ಬರುವುದು ಇನ್ನೊಂದು. ಎರಡೂ ಒಂದೇ ಸಿಗ್ನಲ್‌ನಲ್ಲಿ, ಒಂದರ ಹಿಂದೆ ಒಂದು ಬರುವುದರಿಂದ ಒಂದೇ ಕಾಯಿಲೆ ಥರ ಕಾಣುತ್ತದೆ. ಒಬ್ಬ ಮೆಕ್ಯಾನಿಕ್ ಮೊದಲನೆಯದನ್ನು ನೋಡಿ ಪ್ಯಾಡ್ ಹಾಕಿದ. ಇನ್ನೊಬ್ಬ ಎರಡನೆಯದನ್ನು ನೋಡಿ ಮೌಂಟಿಂಗ್, ಅಂದರೆ ಇಂಜಿನ್ ಹೊತ್ತಿರುವ ರಬ್ಬರ್ ಆಸರೆ, ಹೋಗಿದೆ ಅಂದ. ಎರಡನ್ನೂ ಯಾರೂ ಬೇರೆ ಮಾಡಿ ನೋಡಲಿಲ್ಲ.

ಬೇರೆ ಮಾಡುವುದು ಹೇಗೆ? ನಡುಕದ ತಾಳ ಕೇಳಬೇಕು. ಇದಕ್ಕೆ ಯಾವ ಯಂತ್ರವೂ ಬೇಡ.

ನಿಮ್ಮ ಕಾರಿನ ಅಳತೆಯ ಚಕ್ರ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಐದೂವರೆ ಸುತ್ತು ಹಾಕುತ್ತದೆ. 10 ಕಿ.ಮೀ.ಗೆ ಇಳಿದಾಗ ಸೆಕೆಂಡಿಗೆ ಒಂದೂವರೆ ಸುತ್ತು ಅಷ್ಟೇ. ಡಿಸ್ಕ್ (ಬ್ರೇಕ್ ಪ್ಯಾಡ್ ಅದುಮಿ ಹಿಡಿಯುವ ತಟ್ಟೆ), ಡ್ರಮ್ (ಹಿಂದಿನ ಚಕ್ರದ ಬ್ರೇಕಿನ ಗುಂಡು ಡಬ್ಬಿ), ಟೈರ್, ಬೇರಿಂಗ್, ಇವುಗಳಲ್ಲಿ ದೋಷವಿದ್ದರೆ ನಡುಕವೂ ಚಕ್ರದ ಜೊತೆಗೇ ನಿಧಾನವಾಗಬೇಕು. ಧಡಧಡಧಡ ಅಂತ ಶುರುವಾಗಿ, ಧಡ್ ಧಡ್ ಆಗಿ, ಕೊನೆಗೆ ಒಂದೊಂದೇ ಧಡ್ ಎಣಿಸುವ ಹಾಗೆ ಬಿಡಿಬಿಡಿಯಾಗಿ, ಕಾರು ನಿಂತ ಕೂಡಲೇ ನಿಂತುಬಿಡುತ್ತದೆ. ಇಂಜಿನ್ ಕಥೆ ಬೇರೆ. ಅದು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡುವಾಗ, ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಹದಿಮೂರು. ಕಾರು 20ರಲ್ಲಿರಲಿ, 5ರಲ್ಲಿರಲಿ, ನಿಂತಿರಲಿ, ಆ ಲಯ ಬದಲಾಗುವುದಿಲ್ಲ. ಒಂದೇ ಸಮನೆ ಸಣ್ಣಗೆ ಅದುರುತ್ತದೆ. ಮೃದಂಗದ ಮುಂದೆ ತಂಬೂರಿ ಇಟ್ಟ ಹಾಗೆ. ಒಮ್ಮೆ ಗಮನ ಕೊಟ್ಟು ಕೇಳಿದರೆ ಆಮೇಲೆ ಗೊಂದಲವೇ ಆಗುವುದಿಲ್ಲ.

ಭಾನುವಾರ ಬೆಳಗ್ಗೆ ಆರು ಗಂಟೆಗೆ ಕಾರ್ಡ್ ರೋಡ್ ಖಾಲಿ ಇರುತ್ತದೆ, ಅಲ್ವಾ? ಆಗ ಹೊರಡಿ. ಪಕ್ಕದಲ್ಲಿ ಒಬ್ಬರು ಇದ್ದರೆ ಒಳ್ಳೆಯದು. ಮೊದಲು ನಾಲ್ಕೈದು ಕಿ.ಮೀ. ಓಡಿಸಿ ಬ್ರೇಕ್ ಬಿಸಿಯಾಗಲಿ. ಹಿಂದೆ ಯಾವ ಗಾಡಿಯೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು 50ರಿಂದ ಮೆತ್ತಗೆ, ಒಂದೇ ಸಮ ಬ್ರೇಕ್ ಒತ್ತಿ ನಿಲ್ಲಿಸಿ. ಇನ್ನೊಂದು ಸಲ ಅದೇ ವೇಗದಿಂದ, ಆದರೆ ಮೊದಲೇ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿಕೊಂಡು ಬ್ರೇಕ್ ಹಾಕಿ. ಈ ಪರೀಕ್ಷೆಗೆ ಮಾತ್ರ ನ್ಯೂಟ್ರಲ್, ಇದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ನ್ಯೂಟ್ರಲ್‌ನಲ್ಲೂ ಅದೇ ಧಡಧಡ ಬಂದರೆ ಇಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ನ್ಯೂಟ್ರಲ್‌ನಲ್ಲಿ ಮಾಯವಾದರೆ ಬ್ರೇಕ್ ಕಡೆ ಹಣ ಹಾಕಬೇಡಿ. ಮೂರನೇ ಸಲ ಬ್ರೇಕೇ ಹಾಕದೆ, ಆಕ್ಸಿಲರೇಟರ್ ಬಿಟ್ಟು ಸುಮ್ನೆ ಉರುಳಲು ಬಿಡಿ. ಆಗಲೂ ನಡುಗಿದರೆ ಟೈರ್ ಅಥವಾ ಬೇರಿಂಗ್ ಕಡೆ ನೋಡಬೇಕು. ಟೈರ್ ಪಕ್ಕದಲ್ಲಿ ಉಬ್ಬು ಕಂಡರೆ ಅದೇ ಟೈರಿನಲ್ಲಿ ವೈಟ್‌ಫೀಲ್ಡ್‌ಗೆ ಹೋಗಬೇಡಿ. ಸ್ಟೆಪ್ನಿ ಹಾಕಿಕೊಂಡು ಸೀದಾ ಟೈರ್ ಅಂಗಡಿಗೆ ಹೋಗಿ.

ಬ್ಯಾಲೆನ್ಸಿಂಗ್ ದೋಷ ಸಾಮಾನ್ಯವಾಗಿ 80 ದಾಟಿದ ಮೇಲೆ, ಬ್ರೇಕ್ ಹಾಕದೇ ಇದ್ದಾಗಲೂ ಸ್ಟೇರಿಂಗ್‌ನಲ್ಲಿ ಗೊತ್ತಾಗುತ್ತದೆ. ಸಿಗ್ನಲ್ ಹತ್ತಿರ 30ರಲ್ಲಿ ನಡುಗುವ ಕಾರಿಗೆ ಬ್ಯಾಲೆನ್ಸಿಂಗ್ ಮಾಡಿಸಿದ್ದು ಕಾಲು ನೋವಿಗೆ ಕಣ್ಣಿನ ಡ್ರಾಪ್ಸ್ ಹಾಕಿದ ಹಾಗೆ. ಅಲೈನ್‌ಮೆಂಟ್ ಕೆಟ್ಟರೆ ಕಾರು ಒಂದು ಕಡೆ ಎಳೆಯುತ್ತದೆ, ಟೈರ್ ಸವೆಯುತ್ತದೆ. ನಡುಕ ಅದರ ಲಕ್ಷಣವಲ್ಲ.

ಈಗ ಮುಖ್ಯ ವಿಷಯ, ನಿಮ್ಮ ಮುಂದಿನ ಡಿಸ್ಕ್. ಸ್ಟೇರಿಂಗ್ ನಡುಗುತ್ತದೆ ಅಂದಿರಿ. ಸ್ಟೇರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಬ್ರೇಕ್, ಸೀಟು ಮತ್ತು ಬೆನ್ನಿಗೆ ತಟ್ಟಿದರೆ ಹಿಂದಿನದು. ಬಿಸಿಯಾದ ಮೇಲೆ, ಸಂಜೆ ಟ್ರಾಫಿಕ್‌ನಲ್ಲಿ ಜಾಸ್ತಿ ಅಂದಿರಿ. ಇದೂ ಡಿಸ್ಕಿನ ಕಡೆಗೇ ಬೆರಳು ತೋರಿಸುತ್ತದೆ. ಹೊಸ ಪ್ಯಾಡ್ ಹಾಕಿದಾಗ ಒಂದು ತಿಂಗಳು ಸರಿಯಿತ್ತು ಅಂದಿರಿ. ಹೊಸ ಪ್ಯಾಡ್ ಸ್ವಲ್ಪ ದಿನ ಡಿಸ್ಕಿನ ಮೇಲೆ ಅಂಟಿದ್ದ ಹಳೆಯ ಪದರವನ್ನು ಉಜ್ಜಿ ತೆಗೆಯುತ್ತದೆ. ಆಮೇಲೆ ಡಿಸ್ಕಿನ ಉಬ್ಬುತಗ್ಗಿಗೆ ಅದೂ ಹೊಂದಿಕೊಳ್ಳುತ್ತದೆ. ಕಾಯಿಲೆ ಡಿಸ್ಕಿನಲ್ಲೇ ಉಳಿದಿತ್ತು.

ಗ್ಯಾರೇಜಿನಲ್ಲಿ ಇದಕ್ಕೆ ಡಿಸ್ಕ್ ಬೆಂಡ್ ಆಗಿದೆ ಅನ್ನುತ್ತಾರೆ. ನಿಜವಾಗಿ ಡಿಸ್ಕ್ ತಟ್ಟೆಯ ಹಾಗೆ ಬಾಗುವುದು ಅಪರೂಪ. ಆಗುವುದು ಬೇರೆ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಸವೆದು ತೆಳ್ಳಗಾಗಿರುತ್ತದೆ, ಇಲ್ಲವೇ ಒಂದು ಕಡೆ ಪ್ಯಾಡಿನ ಮಸಾಲೆ ಅಂಟಿಕೊಂಡು ದಪ್ಪವಾಗಿರುತ್ತದೆ. ನೀವು ಪೆಡಲ್ ಒತ್ತಿದಾಗ ಪ್ಯಾಡ್ ದಪ್ಪ ಜಾಗದಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ, ತೆಳ್ಳಗಿನ ಜಾಗದಲ್ಲಿ ಸಡಿಲ ಬಿಡುತ್ತದೆ. ಪ್ರತಿ ಸುತ್ತಿಗೂ ಒಂದು ಹಿಡಿತ, ಒಂದು ಬಿಡುವು. ಅದೇ ನಿಮ್ಮ ಕೈಗೆ ಬರುವ ತಾಳ. ಎಷ್ಟು ವ್ಯತ್ಯಾಸ ಸಾಕು ಗೊತ್ತೇ? ನೋಟ್‌ಬುಕ್ಕಿನ ಒಂದು ಹಾಳೆ ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪ. ಅದರ ಐದನೇ ಒಂದು ಭಾಗ, 0.02 ಮಿ.ಮೀ. ವ್ಯತ್ಯಾಸವೇ ಕೈಗೆ ಗೊತ್ತಾಗುವಷ್ಟು ನಡುಗಿಸಬಲ್ಲದು. ಡಿಸ್ಕ್ ನೋಡೋಕೆ ಚೆನ್ನಾಗೇ ಇದೆ ಅಂತ ಯಾರಾದರೂ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಇದು ಕಣ್ಣಿಗೆ ಕಾಣುವ ದೋಷವೇ ಅಲ್ಲ.

ಒಂದು ಕಡೆ ಮಾತ್ರ ಯಾಕೆ ಸವೆಯುತ್ತದೆ? ಪತ್ರದ ಕೊನೆಯಲ್ಲಿ ನೀವು ಸುಮ್ನೆ ಬರೆದ ಸಾಲು ಇಲ್ಲಿ ಬೇಕಾಗುತ್ತದೆ: ಮುಂದಿನ ಎರಡು ಟೈರ್ ಹೊಸದು ಹಾಕಿಸಿದ್ದು. ಟೈರ್ ಅಂಗಡಿಯಲ್ಲಿ ನಟ್ ಬಿಗಿಯುವುದು ಗಾಳಿ ಗನ್ನಿನಲ್ಲಿ. ಒಂದು ನಟ್ಟಿಗೆ ಗರ್ರ್ ಅಂತ ಎರಡು ಸೆಕೆಂಡ್, ಇನ್ನೊಂದಕ್ಕೆ ಐದು ಸೆಕೆಂಡ್. ಈಗಿನ ಚಿಕ್ಕ ಕಾರುಗಳಲ್ಲಿ ಡಿಸ್ಕ್ ಸಾಮಾನ್ಯವಾಗಿ ಹಬ್‌ಗೂ (ಚಕ್ರ ಕೂರುವ ನಡುಭಾಗ) ಚಕ್ರಕ್ಕೂ ನಡುವೆ ಸಿಕ್ಕಿಕೊಂಡಿರುತ್ತದೆ. ಅದೇ ನಟ್‌ಗಳೇ ಅದನ್ನೂ ಹಿಡಿದಿರುತ್ತವೆ. ಬಿಗಿತ ಹೆಚ್ಚುಕಡಿಮೆಯಾದರೆ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಓರೆಯಾದ ಡಿಸ್ಕ್ ತಿರುಗುವಾಗ, ನೀವು ಬ್ರೇಕ್ ಹಾಕದೇ ಇದ್ದಾಗಲೂ, ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗುತ್ತದೆ. ಹೀಗೆ ಸಾವಿರಾರು ಕಿ.ಮೀ. ತಾಗಿ ತಾಗಿ ಆ ಜಾಗ ಸವೆಯುತ್ತದೆ. ಆದ್ದರಿಂದಲೇ ಟೈರ್ ಹಾಕಿಸಿದ ದಿನ ಏನೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಓಡಿದ ಮೇಲೆ ನಡುಕ ಶುರುವಾಗುತ್ತದೆ. ಅಷ್ಟರಲ್ಲಿ ಟೈರ್ ಅಂಗಡಿ ಯಾರಿಗೂ ನೆನಪಿರುವುದಿಲ್ಲ. ಇದೇ ಆಗಿದೆ ಅಂತ ಇಲ್ಲಿ ಕೂತು ನಾನು ಸಹಿ ಹಾಕಲಾರೆ. ಆದರೆ ನೀವು ಕೊಟ್ಟಿರುವ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಹಬ್ ಮೇಲಿನ ತುಕ್ಕೂ ಇದನ್ನೇ ಮಾಡುತ್ತದೆ. ಇದು ನಾನು ಕಷ್ಟಪಟ್ಟು ಕಲಿತ ಪಾಠ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಟ್ಯಾಕ್ಸಿಗೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿ ಕೊಟ್ಟಿದ್ದೆ. ನಾಲ್ಕು ತಿಂಗಳಿಗೆ ಅದೇ ನಡುಕ ಅಂತ ವಾಪಸ್ ಬಂತು. ಡಿಸ್ಕ್ ಬಿಚ್ಚಿ ನೋಡಿದರೆ ಹಬ್ ಮುಖದ ಮೇಲೆ, ಒಂದು ಬೋಲ್ಟಿನ ಪಕ್ಕ, ತುಕ್ಕಿನ ಸಣ್ಣ ಸಿಪ್ಪೆ. ಉಗುರಿನಲ್ಲಿ ಕೆರೆದರೆ ಎದ್ದು ಬರುವಷ್ಟು. ಹಬ್‌ಗಿಂತ ಡಿಸ್ಕ್ ಅಗಲ. ಹಬ್ ಹತ್ತಿರದ ಸಣ್ಣ ಓರೆ ಡಿಸ್ಕಿನ ಅಂಚಿಗೆ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಆ ಡ್ರೈವರ್ ದುಡಿಮೆಯ ಎರಡು ದಿನ ನನ್ನಿಂದ ಹಾಳಾಯಿತು. ಅಂದಿನಿಂದ ಹಬ್ ಮುಖವನ್ನು ವೈರ್ ಬ್ರಷ್ ಹಾಕಿ, ಎಮರಿ ಪೇಪರ್ ಹಾಕಿ ಹೊಳೆಯುವ ತನಕ ಉಜ್ಜದೆ ಡಿಸ್ಕ್ ಕೂರಿಸಿಲ್ಲ.

ಹಾಗಾದರೆ ಗ್ಯಾರೇಜಿನಲ್ಲಿ ಏನು ಕೇಳಬೇಕು? ಪ್ಯಾಡ್ ಹಾಕಿ, ಡಿಸ್ಕ್ ಹಾಕಿ ಅನ್ನಬೇಡಿ. ಅಳೆದು ತೋರಿಸಿ ಅನ್ನಿ. ಚಕ್ರ ಬಿಚ್ಚಿ, ನಟ್‌ಗಳನ್ನು ವಾಷರ್ ಕೊಟ್ಟು ಮತ್ತೆ ಬಿಗಿದು, ಡಯಲ್ ಗೇಜ್ (ಸಣ್ಣ ಓರೆಯನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಡಿಸ್ಕನ್ನು ಕೈಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಮುಳ್ಳು ಎಷ್ಟು ಆಡುತ್ತದೆ ನೋಡಬೇಕು. ಮಿತಿ ಎಷ್ಟು ಅಂತ ಆಯಾ ಕಂಪನಿಯ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಬಹಳ ಕಾರುಗಳಿಗೆ ಅದು 0.05ರಿಂದ 0.10 ಮಿ.ಮೀ. ಒಳಗೆ. ಆಮೇಲೆ ಮೈಕ್ರೋಮೀಟರ್‌ನಲ್ಲಿ ಡಿಸ್ಕಿನ ದಪ್ಪವನ್ನು ಸುತ್ತಲೂ ಎಂಟು ಜಾಗದಲ್ಲಿ ಅಳೆಯಬೇಕು. ವರ್ನಿಯರ್ ಸಾಲದು, ಸವೆದ ಡಿಸ್ಕಿನ ಅಂಚಿನಲ್ಲಿ ದಿಣ್ಣೆ ನಿಂತಿರುವುದರಿಂದ ಅದು ತಪ್ಪು ತೋರಿಸುತ್ತದೆ. ಈ ಎರಡು ಅಳತೆಗೆ ಅರ್ಧ ಗಂಟೆ ಸಾಕು. ಗೇಜ್ ಇಲ್ಲ ಅಂದರೆ ಇರುವ ಕಡೆ ಹೋಗಿ.

ಅದೇ ಹೊತ್ತಿಗೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಅದುಮುವ ಇಕ್ಕಳ) ಪಿನ್ ಎರಡೂ ಕೈಯಲ್ಲಿ ಸಲೀಸಾಗಿ ಜಾರುತ್ತವೆಯೇ ನೋಡಿಸಿ. ಗ್ರೀಸ್ ಒಣಗಿ ಪಿನ್ ಹಿಡಿದುಕೊಂಡರೆ ಪ್ಯಾಡ್ ಡಿಸ್ಕನ್ನು ಬಿಡುವುದೇ ಇಲ್ಲ. ಉಜ್ಜುತ್ತಲೇ ಇರುತ್ತದೆ, ಡಿಸ್ಕ್ ಕಾಯುತ್ತಲೇ ಇರುತ್ತದೆ. ಸಂಜೆ ಮನೆ ತಲುಪಿದ ಮೇಲೆ ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ. ಮುಟ್ಟಬೇಡಿ, ಸುಡುತ್ತದೆ. ಒಂದು ಕಡೆ ಒಲೆ ಮುಂದೆ ಕೂತ ಹಾಗೆ ಶಾಖ ಬಂದು ಇನ್ನೊಂದು ಕಡೆ ಬೆಚ್ಚಗಷ್ಟೇ ಇದ್ದರೆ ಪಿನ್ ಅಥವಾ ಪಿಸ್ಟನ್ ಹಿಡಿದಿದೆ. ಅದನ್ನು ಸರಿ ಮಾಡದೆ ಹೊಸ ಡಿಸ್ಕ್ ಹಾಕಿದರೆ ಅದೂ ಹಾಳಾಗುತ್ತದೆ.

ದಪ್ಪದಲ್ಲಿ ವ್ಯತ್ಯಾಸ ಇದೆ ಅಂತ ಗೊತ್ತಾದರೆ ಎರಡು ದಾರಿ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ. ಲೇತ್‌ನಲ್ಲಿ ಸ್ಕಿಮ್ಮಿಂಗ್ ಮಾಡಿಸಿದ, ಅಂದರೆ ಮೇಲ್ಮೈಯನ್ನು ತೆಳುವಾಗಿ ಹೆರೆಸಿ ಸಮ ಮಾಡಿಸಿದ, ಮೇಲೂ ಅದಕ್ಕಿಂತ ಸಾಕಷ್ಟು ಮೇಲೆ ಉಳಿಯುವುದಾದರೆ ಮಾಡಿಸಬಹುದು. ಜೆ.ಸಿ. ರಸ್ತೆ ಕಡೆ ಈ ಕೆಲಸ ಬಲ್ಲವರಿದ್ದಾರೆ. ಆದರೆ ಲೇತ್‌ನಲ್ಲಿ ಡಿಸ್ಕ್ ಕೂರಿಸುವ ಜಾಗವೇ ಓರೆಯಿದ್ದರೆ ಹೊಸ ದೋಷ ಹಾಕಿಸಿಕೊಂಡು ಬಂದ ಹಾಗಾಗುತ್ತದೆ. ತಂದ ಮೇಲೆ ಮತ್ತೆ ಗೇಜ್ ಇಟ್ಟು ನೋಡಲೇಬೇಕು. 62,000 ಓಡಿದ ನಿಮ್ಮ ಕಾರಿಗೆ ನಾನಾದರೆ ಹೊಸ ಡಿಸ್ಕ್ ಜೋಡಿಯನ್ನೇ ಹಾಕುತ್ತೇನೆ. ಎಡ ಬಲ ಎರಡೂ ಒಟ್ಟಿಗೆ, ಜೊತೆಗೆ ಹೊಸ ಪ್ಯಾಡ್. ಹಳೆಯ ಪ್ಯಾಡಿನ ಮುಖ ಹಳೆಯ ಡಿಸ್ಕಿನ ಆಕಾರಕ್ಕೆ ಸವೆದಿರುತ್ತದೆ, ಇನ್ನೂ ದಪ್ಪವಿದೆ ಅಂತ ಉಳಿಸಿಕೊಳ್ಳಲು ಹೋಗಬೇಡಿ. ಹೊಸ ಡಿಸ್ಕ್ ಕೂರಿಸಿದ ಮೇಲೂ ಗೇಜಿನಲ್ಲಿ ಓರೆ ತೋರಿಸಿದರೆ ಡಿಸ್ಕನ್ನು ಬಿಚ್ಚಿ ಒಂದು ಬೋಲ್ಟಿನಷ್ಟು ತಿರುಗಿಸಿ ಮತ್ತೆ ಹಾಕಿ ನೋಡಲು ಹೇಳಿ. ಎಷ್ಟೋ ಸಲ ಅಷ್ಟರಲ್ಲೇ ಮುಳ್ಳು ಹದಕ್ಕೆ ಬರುತ್ತದೆ. ಕೊನೆಗೆ ಗನ್ ಬೇಡ. ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್), ಎದುರುಬದುರು ನಟ್‌ಗಳನ್ನು ಸರದಿಯಲ್ಲಿ, ಎರಡು ಮೂರು ಹಂತದಲ್ಲಿ ಬಿಗಿಯಲಿ. ನಿಮ್ಮ ಕಾರಿನ ಅಂಕಿ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 125 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಇನ್ನು ಮುಂದೆ ಪಂಚರ್ ಹಾಕಿಸಿದರೂ ಇದನ್ನೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಡಿಸ್ಕಿಗೆ ಕೈ ಹಾಕುವ ಮೊದಲು ಲೋವರ್ ಆರ್ಮ್ ಬುಷ್ ನೋಡಿಸಿ. ನಮ್ಮ ಊರಿನ ಗುಂಡಿ, ಹಂಪ್‌ಗಳಲ್ಲಿ ಮೊದಲು ಸೋಲುವ ರಬ್ಬರ್ ಅದು. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಹೋಗದಂತೆ ಹಿಡಿದಿಡುವುದು ಆ ಆರ್ಮ್. ಬುಷ್ ಹರಿದಿದ್ದರೆ ಡಿಸ್ಕಿನ ಸಣ್ಣ ದೋಷವೂ ಸ್ಟೇರಿಂಗ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ. ನಿಲ್ಲುವ ಕೊನೆ ಗಳಿಗೆಯಲ್ಲಿ ಕಟಕ್ ಅನ್ನುವ ಸದ್ದೂ ಬರಬಹುದು. ಸನ್ನೆಕೋಲು ಹಾಕಿ ಮೀಟಿದರೆ ಗೊತ್ತಾಗುತ್ತದೆ. ಹಾಗೆಯೇ ಜಾಕಿ ಎತ್ತಿ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಬೇರಿಂಗ್, ಬಾಲ್ ಜಾಯಿಂಟ್ ಸಡಿಲವಿದ್ದರೆ ತಿಳಿಯುತ್ತದೆ. 3 ಮತ್ತು 9ರಲ್ಲಿ ಅಲ್ಲಾಡಿದರೆ ಟೈ ರಾಡ್ ಕಡೆ ನೋಡಬೇಕು.

ಹಿಂದಿನ ಡ್ರಮ್ ಬಗ್ಗೆ ಅನುಮಾನ ಬಂದರೆ ಒಂದು ಪರೀಕ್ಷೆ ಇದೆ. ಖಾಲಿ, ಒಣ, ನೇರ ರಸ್ತೆಯಲ್ಲಿ 25ರ ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ನಿಧಾನಕ್ಕೆ ಸ್ವಲ್ಪ ಸ್ವಲ್ಪ ಎಳೆಯಿರಿ. ಅದು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಆಗ ನಡುಗಿದರೆ ಡ್ರಮ್ ಗುಂಡಗೆ ಉಳಿದಿಲ್ಲ. ಜೋರಾಗಿ ಎಳೆಯಬೇಡಿ, ಕಾರು ಅಡ್ಡ ತಿರುಗುತ್ತದೆ. ಮಳೆಯಲ್ಲಂತೂ ಬೇಡವೇ ಬೇಡ.

ಇನ್ನು ಎ.ಬಿ.ಎಸ್. ವಿಷಯ, ಅಂದರೆ ಗಟ್ಟಿ ಬ್ರೇಕಿಗೆ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ. ನಿಮ್ಮ ಕಾರಿನಲ್ಲಿ ಅದು ಇದ್ದರೆ, ಒಣ ರಸ್ತೆಯಲ್ಲಿ ಮೆತ್ತಗೆ ನಿಲ್ಲಿಸುವಾಗ ಕೊನೆಯ ಹತ್ತು ಕಿ.ಮೀ. ವೇಗದೊಳಗೆ ಪೆಡಲ್ ಕರ್ರ್ ಅಂತ ಕಾಲನ್ನು ತಳ್ಳಿದರೆ ಚಕ್ರದ ಸೆನ್ಸರ್ ಅಥವಾ ಅದರ ಹಲ್ಲಿನ ಬಳೆ ನೋಡಿಸಬೇಕು. ಚಕ್ರ ನಿಂತೇ ಹೋಯಿತು ಅಂತ ಕಂಪ್ಯೂಟರ್ ತಪ್ಪು ತಿಳಿದು ಬ್ರೇಕ್ ಬಿಟ್ಟು ಬಿಟ್ಟು ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಗಟ್ಟಿ ಬ್ರೇಕ್ ಹಾಕಿದಾಗ ಪೆಡಲ್ ನಡುಗುವುದು ಮಾತ್ರ ಅದರ ಸರಿಯಾದ ಕೆಲಸ. ಆಗ ಹೆದರಿ ಕಾಲು ತೆಗೆಯಬೇಡಿ.

ಮಳೆಗಾಲದಲ್ಲಿ ಒಂದು ವಾರ ನಿಂತ ಕಾರು ಮೊದಲ ನಾಲ್ಕು ಬ್ರೇಕಿಗೆ ಗರಗರ ಅಂದು ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತುಕ್ಕು, ತಲೆ ಕೆಡಿಸಿಕೊಳ್ಳಬೇಡಿ. ಆಟೋಮ್ಯಾಟಿಕ್ ಗಾಡಿ ಇರುವವರು ಇದನ್ನು ಓದುತ್ತಿದ್ದರೆ, ನಿಲ್ಲುವ ಮುಂಚೆ ಇಂಜಿನ್ ಆಫ್ ಆಗುತ್ತದೇನೋ ಅನ್ನುವ ಹಾಗೆ ನಡುಗಿದರೆ ಗೇರ್‌ಬಾಕ್ಸ್ ಬಲ್ಲವರಿಗೆ ತೋರಿಸಿ, ಬ್ರೇಕ್ ಬಿಚ್ಚಿಸಬೇಡಿ.

ಈಗ ನಿಮ್ಮ ಎರಡನೇ ನಡುಕ. ನಿಂತಾಗ, ನ್ಯೂಟ್ರಲ್‌ನಲ್ಲಿ, ಬ್ರೇಕ್ ಪೆಡಲ್ ಬಿಟ್ಟು ಎ.ಸಿ. ಹಾಕಿ, ಆರಿಸಿ ನೋಡಿ. ಎ.ಸಿ. ಕಂಪ್ರೆಸರ್ ಹಿಡಿದಾಗ ಇಂಜಿನ್ ಮೇಲೆ ಭಾರ ಬೀಳುತ್ತದೆ, ಕಂಪ್ಯೂಟರ್ ಐಡಲ್ ಎತ್ತಿ ಅದನ್ನು ಸರಿದೂಗಿಸಬೇಕು. ಇಂಜಿನ್ನಿಗೆ ಗಾಳಿ ಬಿಡುವ ತ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೆ ಅದು ಸರಿಯಾಗಿ ಆಗುವುದಿಲ್ಲ. ಹಾಗಾಗಿ ಮೊದಲು ತ್ರಾಟಲ್ ಬಾಡಿ ಕ್ಲೀನ್ ಮಾಡಿಸಿ, ಸ್ಪಾರ್ಕ್ ಪ್ಲಗ್ ನೋಡಿಸಿ. ಖರ್ಚು ಕಡಿಮೆ, ಹೇಗಿದ್ದರೂ ಆಗಬೇಕಾದ ಕೆಲಸ. ಆಮೇಲೂ ಅದುರಿದರೆ ಮೌಂಟಿಂಗ್. ಆಗಲೂ ಮೂರನ್ನೂ ಒಟ್ಟಿಗೆ ಹಾಕಿಸಬೇಕಿಲ್ಲ. ಹರಿದ ರಬ್ಬರ್ ಯಾವುದು ಅಂತ ಬಾನೆಟ್ ತೆಗೆದು ತೋರಿಸಲಿ. ಒಬ್ಬರು ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ ಕ್ಲಚ್ ಸ್ವಲ್ಪ ಬಿಟ್ಟಾಗ ಇಂಜಿನ್ ಎಷ್ಟು ಎದ್ದು ಕೂರುತ್ತದೆ ಅಂತ ಪಕ್ಕದಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಕಾರಿನ ಮುಂದೆ ಮಾತ್ರ ಯಾರೂ ನಿಲ್ಲಬಾರದು. ನಿಮ್ಮದು ಮೂರು ಸಿಲಿಂಡರ್ ಇಂಜಿನ್ ಆಗಿದ್ದರೆ ಸ್ವಲ್ಪ ಅದುರು ಹುಟ್ಟುಗುಣ, ಅದಕ್ಕಾಗಿ ಹಣ ಸುರಿಯಬೇಡಿ.

ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿದ್ದರೆ, ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆದರೆ, ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಬಂದರೆ, ಚಕ್ರದಿಂದ ಸುಟ್ಟ ವಾಸನೆ ಬಂದರೆ ಭಾನುವಾರದ ತನಕ ಕಾಯಬೇಡಿ. ಅಲ್ಲಿಯೇ ನಿಲ್ಲಿಸಿ ಮೆಕ್ಯಾನಿಕ್ ಕರೆಸಿ.

ಡಿಸ್ಕ್, ಪ್ಯಾಡ್ ಹೊಸದು ಹಾಕಿಸಿದ ಮೇಲೆ ಅದೇ ಸಂಜೆ ಟ್ರಾಫಿಕ್‌ಗೆ ಹೋಗಬೇಡಿ. ಬೆಳಗಿನ ಖಾಲಿ ರಸ್ತೆಯಲ್ಲಿ 50ರಿಂದ 15ಕ್ಕೆ ಮೆತ್ತಗೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ತೆಗೆದುಕೊಳ್ಳಿ. ಹೀಗೆ ಎಂಟು ಹತ್ತು ಸಲ, ನಡುವೆ ಒಂದೊಂದು ನಿಮಿಷ ಗಾಳಿಯಾಡಲು ಬಿಟ್ಟು ಮಾಡಿ. ಪ್ಯಾಡಿನ ತೆಳು ಪದರ ಡಿಸ್ಕಿನ ಸುತ್ತಲೂ ಸಮನಾಗಿ ಕೂರುತ್ತದೆ. ನಂದಿ ಬೆಟ್ಟಕ್ಕೆ ಹೋಗುವ ಅಭ್ಯಾಸ ಇದ್ದರೆ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ. ಕೆಳಗೆ ಬಂದು ನಿಂತಾಗ ಪೆಡಲ್ ಒತ್ತಿ ಹಿಡಿದುಕೊಂಡು ಕೂರಬೇಡಿ, ಕಾದ ಡಿಸ್ಕಿನ ಮೇಲೆ ಪ್ಯಾಡಿನ ಅಚ್ಚು ಬೀಳುತ್ತದೆ. ಸಮತಟ್ಟು ಜಾಗದಲ್ಲಿ ಪೆಡಲ್ ಸಡಿಲ ಬಿಟ್ಟು ಕಾರು ಒಂದೆರಡು ಅಡಿ ಮುಂದೆ ಸರಿಯಲು ಬಿಡಿ.

ಗೇಜಿನ ಅಳತೆ ಸಿಕ್ಕಿದ ಮೇಲೆ ಎಡ, ಬಲ ಎರಡನ್ನೂ ಬರೆದು ಕಳಿಸಿ. ಮೈಕ್ರೋಮೀಟರ್‌ನ ಎಂಟೂ ಅಂಕಿಗಳನ್ನು ಬರೆಯಿರಿ, ಸರಾಸರಿ ಬೇಡ. ಭಾನುವಾರ ನ್ಯೂಟ್ರಲ್‌ನಲ್ಲಿ ಏನಾಯಿತು ಅನ್ನುವುದನ್ನೂ ಬರೆಯಿರಿ.